ಶವಾಸನಕ್ಕೆ ಬಾರದ ಮೈ

ನವೆಂಬರ್ 3, ಸೋಮವಾರ. ಬೆಳಗ್ಗೆ

ಯೋಗದ ಕ್ಲಾಸಿನಲ್ಲಿ ಇವತ್ತೂ ಮೊದಲು ಎದ್ದವಳು ನಾನೇ. ಉಸಿರಾಟದ್ದು ಮುಗಿಯಿತು, ಎಲ್ಲರೂ ಚಾಪೆಯ ಮೇಲೆ ಅಂಗಾತ ಬಿದ್ದರು. ಲಲಿತಾ ಅಕ್ಕೋರು "ಕಾಲ ಸಡ್ಲ ಬಿಡ್ರಿ... ಸೊಂಟ ಸಡ್ಲ ಬಿಡ್ರಿ..." ಅನ್ನುತ್ತ ನಮ್ಮ ನಡುವೆ ಓಡಾಡಿದರು. ಅವರು ಹೊಟ್ಟೆಗೆ ಬರುವಷ್ಟರಲ್ಲಿ ನಾನು ಎದ್ದು ಕೂತಿದ್ದೆ. ಎದೆ ಡವಡವ.

"ಸುನಿತಾ ಟೀಚರ್, ಗ್ಯಾಸ್ ಮ್ಯಾಲೆ ಹಾಲ ಇಟ್ಟು ಬಂದೀರೇನ್ರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಸಿಟ್ಟು.

ಉಳಿದವರಿಗೆ ಶವಾಸನ ಅಂದರೆ ಪುಕ್ಕಟೆ ನಿದ್ದೆ. ನನಗೆ ಪರೀಕ್ಷೆ. ಬೆನ್ನುಹುರಿಯ ಹತ್ತಿರ ಗಂಟಿರಬಹುದು ಅಂತ ಅನುಮಾನ, ಎಡಗಾಲು ಜೋಮು. ಎಂಆರ್‌ಐ ಆಗದೆ ಆಪರೇಷನ್ ಮಾತೇ ಇಲ್ಲ, ತಡ ಮಾಡಿದರೆ ಕಾಲು ಹೋಗುತ್ತದೆ. ಡಾಕ್ಟರ್ ಮುಖಕ್ಕೇ ಹೇಳಿದ್ದಾರೆ. ಹೋದ ವಾರ ಆ ಕೊಳವೆಯೊಳಗೆ ಮಲಗಿಸಿದರು. ಹೆದರಿಕೆಯಾದರೆ ಹೊರಗಿನವರನ್ನು ಕರೆಯಲು ಕೈಯಲ್ಲಿ ಕೊಟ್ಟಿದ್ದ ರಬ್ಬರ್ ಬುರುಡೆ ಒತ್ತಿ ಒತ್ತಿ, ಕೂಗಾಡಿ ಹೊರಗೆ ಬಂದೆ. ಈಗ 20ನೇ ತಾರೀಖು ಕೊಟ್ಟಿದ್ದಾರೆ. ಅಷ್ಟರೊಳಗೆ ಅಲುಗಾಡದೆ ಮಲಗಲು ಕಲಿಯಬೇಕು. ಅದಕ್ಕೇ ಈ ಕ್ಲಾಸು.

ಬೇವೂರಿನ ಸಾಲೆಯಲ್ಲಿ ಮಕ್ಕಳಿಗೆ ದಿನವಿಡೀ "ಸುಮ್ನ ಕುಂದರ್ರಿ" ಅನ್ನುವವಳು ನಾನು. ನನಗೇ ಬರುವುದಿಲ್ಲ.

ನವೆಂಬರ್ 5, ಬುಧವಾರ

ಊಟಕ್ಕೆ ಕೂತಾಗ ಗಂಡನ ಜೊತೆ ಜಗಳ.

"ಹುಬ್ಬಳ್ಳ್ಯಾಗ ಇಂಜೆಕ್ಷನ್ ಕೊಟ್ಟು ಮಲಗಿಸಿ ಸ್ಕ್ಯಾನ್ ಮಾಡ್ತಾರಂತ. ಅಲ್ಲೇ ಹೋಗಿಬಿಡೂಣು."

"ನಾ ಏಳದಿದ್ರ?"

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಏನ ಮಾತಂತ ಆಡ್ತೀ ಸುನೀ?"

ಹೇಳಿಬಿಟ್ಟೆ. ನಮ್ಮವ್ವನೂ ಅಂಥದೇ ಮಷೀನಿನೊಳಗೆ ಹೋಗಿಬಂದಳು. ಬಂದವಳು ಹಾಸಿಗೆ ಬಿಟ್ಟು ಏಳಲಿಲ್ಲ. ಹೋದ ವರ್ಷ ಇದೇ ಕಾರ್ತೀಕದಲ್ಲಿ ಹೋದಳು. ಕಣ್ಣು ಮುಚ್ಚಿದರೆ ಅವಳೇ. ಮೇಲೆ ಈ ಆಸನಕ್ಕೆ ಇಟ್ಟ ಹೆಸರಾದರೂ ನೋಡು! ಲಲಿತಾ ಅಕ್ಕೋರು "ಶವದ ಹಾಂಗ ಬೀಳ್ರಿ" ಅಂದ ತಕ್ಷಣ ಮೈಯೆಲ್ಲ ಕಟ್ಟಿಗೆ. ಹೆದರಿಕೆ. ಬರೀ ಹೆದರಿಕೆ, ಬೇರೇನೂ ಅಲ್ಲ.

ಅವರು ಮತ್ತೆ ಹುಬ್ಬಳ್ಳಿ ಮಾತೆತ್ತಲಿಲ್ಲ. ನನ್ನ ತಟ್ಟೆಗೆ ಇನ್ನಷ್ಟು ಪಲ್ಯ ಹಾಕಿದರು.

ನವೆಂಬರ್ 9, ಭಾನುವಾರ. ಮಧ್ಯಾಹ್ನ

ಇವತ್ತು ಮಾಡಿದ ಘನಕಾರ್ಯ ಬರೆಯಲೇಬೇಕು.

ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪಡಸಾಲೆಯಲ್ಲಿ ಲಿಂಗಪೂಜೆಗೆ ಕೂತೆ. ಪೂಜೆ ಮುಗಿಯಿತು. ಮನೆ ಖಾಲಿ. ಗಂಡ ಹೊರಗೆ ಹೋಗಿದ್ದರು, ಅತ್ತೆ ಕಾಯಿಪಲ್ಲೆಗೆ. ಮಲಗಿದರೆ ತಾನೇ ಹೆದರಿಕೆ, ಕೂತೇ ಮೈ ಸಡಿಲ ಬಿಟ್ಟರೆ? ಹಿಂದೆ ಸರಿದು ಗೋಡೆಗೆ ಆನಿಕೊಂಡೆ. ಚಕ್ಕಳಮಕ್ಕಳ ಕೂತಿದ್ದೆ. ಎಡಗೈಯಲ್ಲಿ ಲಿಂಗ ಹಾಗೇ ಇತ್ತು. ಕಣ್ಣು ಮುಚ್ಚಿದೆ. ಕಾಲು, ಸೊಂಟ, ಹೊಟ್ಟೆ, ಹೆಗಲು... ಅಚ್ಚರಿ, ಸಡಿಲವಾಗುತ್ತಲೇ ಹೋಯಿತು. ಕುತ್ತಿಗೆ ಒಂದು ಕಡೆ ವಾಲಿತು. ಬಾಗಿಲು ತೆರೆದ ಸದ್ದೂ ಕೇಳಲಿಲ್ಲ.

ಕೇಳಿಸಿದ್ದು ಅತ್ತೆಯ ಚೀರಾಟ.

ಕಣ್ಣು ಬಿಟ್ಟರೆ ಬೆಂಡೆಕಾಯಿ ನೆಲದ ತುಂಬ. ಅತ್ತೆ ಹೊಸ್ತಿಲಲ್ಲಿ ಕುಸಿದು ಎದೆ ಬಡಿದುಕೊಳ್ಳುತ್ತಿದ್ದಾರೆ. ಪಕ್ಕದ ಮನೆಯ ಭವಾನಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ನಾನು "ಅತ್ತೀ, ಏನಾತ್ರಿ?" ಅಂದೆ. ಅವರು ಇನ್ನೂ ಜೋರಾಗಿ ಚೀರಿದರು.

ಆಮೇಲೆ ಹೊಳೆಯಿತು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂರಿಸುತ್ತಾರೆ. ಹಣೆಗೆ ವಿಭೂತಿ, ಎಡಗೈಯಲ್ಲಿ ಲಿಂಗ. ಮಣ್ಣು ಮಾಡುವುದೂ ಕೂತಂತೆಯೇ. ಮಾವನನ್ನು ಕೂರಿಸಿದ್ದು ಇದೇ ಗೋಡೆಗೆ.

ನೀರು ಕುಡಿಸಿದ ಮೇಲೆ ಅತ್ತೆ ನನ್ನ ರಟ್ಟೆಗೆ ಒಂದು ಏಟು ಹಾಕಿದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಏಟು.

"ಹಿಂಗ ಕುಂದರತಾರೇನ ಹುಚ್ಚಿ? ಜೀವಾನ ಹೋತ ನಂದು!"

"ಮಲಗಾಕ ಹೆದರಿಕಿರಿ ಅತ್ತಿ. ಅದು ಶವಾಸನ..."

"ಯಾರ ಶವ? ನಮ್ಮ ಮಂದ್ಯಾಗ ಸತ್ತೋರು ಕುಂದರತಾರ, ಬದುಕಿದೋರು ಮಲಗತಾರ. ಮಲಗ ನೀ! ಮಲಗಿದ್ರ ನನಗ ಧೈರ್ಯ."

ಮಲಗಿದೆ. ಅತ್ತೆ ಪಕ್ಕದಲ್ಲೇ ಕೂತು ಬೆಂಡೆಕಾಯಿ ಆರಿಸಿದರು. ಆಗಾಗ ನನ್ನ ಹೊಟ್ಟೆ ಏರಿಳಿಯುವುದನ್ನು ನೋಡುತ್ತಿದ್ದರು. ಎಷ್ಟು ಹೊತ್ತು ಮಲಗಿದ್ದೆನೋ. ಅವ್ವ ನೆನಪಾದಳು, ಆದರೂ ಏಳಲಿಲ್ಲ.

ನವೆಂಬರ್ 11, ಮಂಗಳವಾರ

ಲಲಿತಾ ಅಕ್ಕೋರಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಗಂಭೀರವಾದರು. "ಹಂಗಾರ ನಿಮಗ ಶವ ಬ್ಯಾಡ್ರಿ. ನೀವು ಬರೇ ಮಲಗ್ರಿ."

ಬರೇ ಮಲಗಿದೆ. ಎದೆಯವರೆಗೆ ಬಂದೆ. ಅಷ್ಟರಲ್ಲಿ ಹೊರಗೆ ಯಾರೋ ಬೈಕ್ ಸ್ಟಾರ್ಟ್ ಮಾಡಿದರು, ಹಾರಿಬಿದ್ದೆ. ಆ ಮಷೀನು ಎಂಥಾ ಸದ್ದು ಮಾಡುತ್ತದೆ ಅಂತ ನನಗೆ ಗೊತ್ತು. ಹೀಗಾದರೆ...

ನವೆಂಬರ್ 17, ಸೋಮವಾರ

ಬರೆಯಲು ಮನಸ್ಸಿರಲಿಲ್ಲ. ಇವತ್ತು ಬೇವೂರಲ್ಲಿ ಬಸ್ಸಿಳಿದು ಸಾಲೆಯ ಗೇಟಿನತನಕ ನಡೆದಿದ್ದೇನೆ. ಒಬ್ಬ ಹುಡುಗಿ, "ಟೀಚರ್, ನಿಮ್ಮ ಒಂದ ಚಪ್ಪಲಿ ಎಲ್ಲೈತ್ರಿ?" ಅಂದಳು.

ಎಡಗಾಲು ಬರಿದು. ಚಪ್ಪಲಿ ಬಸ್ಸಲ್ಲೇ ಕಳಚಿ ಬಿದ್ದಿರಬೇಕು. ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದಿತ್ತು, ರಕ್ತ. ಗೊತ್ತೇ ಆಗಲಿಲ್ಲ ನನಗೆ.

ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡು ಮುಳ್ಳು ಕಿತ್ತೆ. ನೋಯಲಿ ಅಂತ ಒತ್ತಿ ಒತ್ತಿ ನೋಡಿದೆ.

ನವೆಂಬರ್ 19, ಬುಧವಾರ. ಸಂಜೆ

ನಾಳೆ. ಅತ್ತೆ ತಾನೂ ಬರುತ್ತೇನೆಂದು ಹಟ ಹಿಡಿದಿದ್ದಾರೆ. ಲಿಂಗವನ್ನು ಬೆಳ್ಳಿಯ ಕರಡಿಗೆಯಿಂದ ತೆಗೆದು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಟ್ಟರು. ಮಷೀನಿನೊಳಗೆ ಬೆಳ್ಳಿ ಬಂಗಾರ ನಡೆಯುವುದಿಲ್ಲ, ಲಿಂಗ ಬಿಟ್ಟು ಹೋಗುವುದು ಅವರಿಗೆ ನಡೆಯುವುದಿಲ್ಲ.

ಈ ಸಲವೂ ಓಡಿಬಂದರೆ ಇನ್ನೊಂದು ಸಲ ಹೋಗುವ ಧೈರ್ಯ ನನಗಿಲ್ಲ. ನನ್ನ ಮೈಯನ್ನು ನಾನೇ ನಂಬುವ ಹಾಗಿಲ್ಲ.

ನವೆಂಬರ್ 20, ಗುರುವಾರ. ಸ್ಕ್ಯಾನಿಂಗ್ ಸೆಂಟರ್

ಮುಗಿಯಿತು.

ಟೆಕ್ನಿಶಿಯನ್ ಮುಷರಫ ಹೋದ ಸಲದವನೇ. ನನ್ನನ್ನು ನೋಡಿ ಅವನ ಮುಖವೇ ಇಳಿಯಿತು, ಪಾಪ. ಬಟ್ಟೆಯ ಗಂಟು ಮುಟ್ಟಿ ನೋಡಿ, "ಲೋಹ ಇಲ್ಲಲ್ರಿ? ಇರಲಿ ಬಿಡ್ರಿ" ಅಂದ. ಬುರುಡೆ ಕೈಗೆ ಕೊಟ್ಟ.

ಒಳಗೆ ಹೋದಕೂಡಲೇ ಗಡಗಡ ಸದ್ದು. ಹೆಬ್ಬೆರಳು ಬುರುಡೆಯ ಮೇಲೆ ಇತ್ತು. ಒತ್ತಿಬಿಡಬೇಕು, ಒತ್ತಿಬಿಡಬೇಕು. ಅವ್ವ ಬಂದಳು, ನಾನೇ ಉಡಿಸಿದ ಹಸಿರು ಸೀರೆಯಲ್ಲಿ. ಆ ದಿನ ನಾನು ಬಂದವರಿಗೆಲ್ಲ ಚಹಾ ಕೊಡುತ್ತ, ಫೋನ್ ಮಾಡುತ್ತ ಓಡಾಡಿದ್ದೆ. ಒಂದು ಗಳಿಗೆ ಅವಳ ಹತ್ತಿರ ಕೂತಿರಲಿಲ್ಲ, ಅತ್ತಿರಲಿಲ್ಲ. ಈಗ ಓಡಲು ಜಾಗವೇ ಇಲ್ಲ. ನೀರು ಕಣ್ಣಿಂದ ಕಿವಿಗಿಳಿಯಿತು. ಒರೆಸಲು ಕೈ ಎತ್ತುವ ಹಾಗಿಲ್ಲ. ಇಳಿಯಲಿ ಅಂತ ಬಿಟ್ಟೆ. ಎರಡೂ ಕಿವಿ ತುಂಬಿದವು. ಸದ್ದು ಯಾವಾಗ ನಿಂತಿತೋ ತಿಳಿಯಲಿಲ್ಲ.

"ಒಂದ ಸಲಾನೂ ಅಲುಗಾಡಿಲ್ಲ ನೋಡ್ರಿ ಮ್ಯಾಡಮ್," ಅಂದ ಮುಷರಫ. ನನ್ನ ಮುಖ ನೋಡಿ ಒಂದಿಷ್ಟು ಹತ್ತಿ ಕೈಗಿಟ್ಟ.

ಮಧ್ಯಾಹ್ನ. ಡಾಕ್ಟರ್ ಹತ್ತಿರ

ಬೆಂಚಿನ ಮೇಲೆ ನಾನು, ಅತ್ತೆ. ಗಂಡ ಫಿಲ್ಮ್ ಹಿಡಿದು ಒಳಗೆ ಹೋಗಿದ್ದಾರೆ. ಬಾಗಿಲು ಅರ್ಧ ತೆರೆದಿದೆ. ಡಾಕ್ಟರ್ ದನಿ ಕೇಳುತ್ತಿದೆ, ಮಾತು ತಿಳಿಯುತ್ತಿಲ್ಲ. ಗಂಡ ಒಂದೂ ಪ್ರಶ್ನೆ ಕೇಳುತ್ತಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ.

ನನ್ನ ಹೆಸರು ಕರೆದರು. ಅತ್ತೆ ಆಗಲೇ ಎದ್ದು ನಿಂತಿದ್ದಾರೆ.

"ಏಳವಾ, ಕರ್ಯಾಕತ್ಯಾರ."

"ಎದ್ದೆರಿ ಅತ್ತಿ. ಒಂದ ನಿಮಿಷ."

ಹೆದರಿಕೆ ಇದೆ. ಇರಲಿ. ಎಡಗಾಲು ಮೊದಲು ಊರಿ ನೋಡಬೇಕು, ಹಿಡಿತ ಸಿಕ್ಕರೆ ಆಮೇಲೆ ಬಲಗಾಲು. ಉಳಿದದ್ದು ಒಳಗೆ ಹೋಗಿಬಂದು ಬರೆಯುತ್ತೇನೆ.