ಕುರ್ಡಿ ಕಲ್ಲಿನ ಹಾವಸೆ

ಮಾನ್ವಿ,
೨೩ ಜೂನ್ ೨೦೨೫, ಸೋಮವಾರ

ಪ್ರೀತಿಯ ಮಗಳು ಮೇಘಾಳಿಗೆ,

ನೆಗಡಿ ಇಳಿಯಿತೇ? ಮೈಸೂರಿನ ತಂಪು ನಿನಗೆ ಆಗಿಬರುವುದಿಲ್ಲ, ಬಿಸಿನೀರನ್ನೇ ಕುಡಿ. ನನ್ನ ಮೊಣಕಾಲಿನ ಸುದ್ದಿ ಕೇಳುತ್ತೀಯಲ್ಲ, 'ನೋ ಚೇಂಜ್' ಎಂದು ಡಾಕ್ಟರೇ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ.

ನಿನ್ನ ಸಂಶೋಧನೆಗೆಂದು ನಾನು ಕಳಿಸಿದ ಹಾವಸೆಯ ಮೂರು ಪೊಟ್ಟಣಗಳಲ್ಲಿ ರಾಯಚೂರಿನ ಗೋಡೆಯದು, ದೇವದುರ್ಗದ ಗುಡ್ಡದ್ದು ಸಾಧಾರಣ. ಕುರ್ಡಿ ಕಾಲುವೆ ಕಲ್ಲಿನ ಹಾವಸೆಯಲ್ಲಿ ಮಾತ್ರ ಸಾರಜನಕ ಮಿತಿಮೀರಿದೆ, ಸರ್ ಬೆರಗಾದರು, ಜೂನ್ ೩೦ರ ಸೆಮಿನಾರಿನಲ್ಲಿ ಅದನ್ನೇ ಹೇಳುತ್ತೇನೆ ಎಂದಿದ್ದೆಯಲ್ಲ. ಅಂದಿನಿಂದ ನನಗೆ ಅದೇ ಯೋಚನೆ. ನಾನೂ ಪಿಯುಸಿಯಲ್ಲಿ ಬಾಟನಿ ಓದಿದವನೇ. 'ಮಾಸ್ ಹ್ಯಾಸ್ ನೋ ಟ್ರೂ ರೂಟ್ಸ್', ಹಾವಸೆಗೆ ನಿಜವಾದ ಬೇರಿಲ್ಲ ಎಂದು; ಮುಂದಿನ ಸಾಲು ಮರೆತಿದೆ. ಬೇರಿಲ್ಲದ್ದರಿಂದ ಮಳೆ ಗಾಳಿ ತಂದದ್ದನ್ನೆಲ್ಲ ಮೈಯಿಂದಲೇ ಹೀರುತ್ತದೆ, ಬೇಡವೆನ್ನಲು ಅದಕ್ಕೆ ಬರುವುದಿಲ್ಲ, ಹೆಚ್ಚಾದದ್ದನ್ನು ಅಮೈನೋ ಆಮ್ಲ ಮಾಡಿ ಒಳಗೇ ಇಟ್ಟುಕೊಳ್ಳುತ್ತದೆ ಎಂದು ನಿನ್ನಿಂದ ತಿಳಿಯಿತು. ನೀರಿಲ್ಲದಾಗ ಸಕ್ಕರೆ ಕೂಡಿಸಿಕೊಂಡು ಸತ್ತಂತೆ ಬಿದ್ದಿರುತ್ತದಂತೆ, ಹನಿ ಬಿದ್ದರೆ ಏಳುತ್ತದಂತೆ. ಇದನ್ನು ಮೊದಲೇ ಹೇಳಬಾರದಿತ್ತೇ ಯವ್ವಾ! ಮೇ ತಿಂಗಳಲ್ಲಿ ಅದು ಸುಟ್ಟ ತೆಂಗಿನ ನಾರಿನಂತಿತ್ತು. ಕುರ್ಡಿಗೆ ನನ್ನ ಜೊತೆ ಬಂದಿದ್ದ ನೆರೆಮನೆಯ ಗದ್ದೆಮ್ಮ, "ಏನ್ ಮಾವಾ, ಮಗಳಿಗೆ ಸಜ್ಜಿರೊಟ್ಟಿ ಕಳಸೂದು ಬಿಟ್ಟು ಕಲ್ಲಿನ ಹೊಲಸು ಕಳಸಾಕತ್ತಿ? ಅದೂ ಸತ್ತದ್ದು!" ಎಂದು ನಕ್ಕಳು. ನಿಮ್ಮವ್ವ ಇದ್ದಾಗ ಈ ಮನೆಯಿಂದ ನಿನಗೆ ಬಾಡಿದ ಕರಿಬೇವು ಸಹ ಹೋದದ್ದಿಲ್ಲ. ಇನ್ನು ದೊಡ್ಡ ಕಾಲೇಜಿನ ಟೇಬಲ್ಲಿನ ಮೇಲೆ ನಮ್ಮ ಸೀಮೆಯದೆಂದು ಅಂಥದ್ದನ್ನು ಬಿಚ್ಚಿಟ್ಟರೆ ನಿನ್ನ ಮಾನವೇನು ಎನಿಸಿತು. ನೋಡು, ಏನೋ ಬರೆಯಲು ಕೂತು ಎಲ್ಲಿಗೋ ಹೋದೆ.

ಗದ್ದೆಮ್ಮ ನಿನ್ನನ್ನು ವಿಚಾರಿಸಿದಳು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಓದು ಕೈಗೂಡಲಿ.

ಇಂತಿ ನಿನ್ನ ಅಪ್ಪ,
ಉರುಕುಂದಪ್ಪ

ತಾ.ಕ.: ಅಂಚೆ ಕಚೇರಿಯಲ್ಲಿ ನಿಂತೇ ಬರೆಯುತ್ತಿದ್ದೇನೆ, ಚೀಲ ಕಟ್ಟುತ್ತಿದ್ದಾರೆ. ಆ ಕುರ್ಡಿ ಕಲ್ಲಿಗೆ ಎಂಟು ದಿನ ಯೂರಿಯಾ ನೀರು ಹಾಕಿದ್ದೆ. ಭತ್ತದ ಸಸಿ ಹಳದಿಯಾದರೆ ಹಾಕುವಂತೆ, ಕೊಡಕ್ಕೊಂದು ಹಿಡಿ. ಹಸಿರಾದ ಮೇಲೆ ಕಿತ್ತು ಕಳಿಸಿದೆ. ಆ ಸಾರಜನಕ ನಾನು ಸುರಿದದ್ದು. ಸೆಮಿನಾರಿನಲ್ಲಿ ಆ ಕಲ್ಲಿನ ಲೆಕ್ಕ ಹೇಳಬೇಡ. ಸರ್ ಸಿಟ್ಟಾದರೆ ಅಪ್ಪನ ಕೆಲಸ ಎನ್ನು. ಬೇಕಾದರೆ ನಾನೇ ಬಂದು ಅವರೆದುರು ನಿಲ್ಲುತ್ತೇನೆ. ಫೋನಿನಲ್ಲಿ ಮೂರು ಸಲ ಹೇಳಹೋದೆ. ಮೂರು ಸಲವೂ ನೀನು ನಗುತ್ತಿದ್ದೆ.