ಮೊಣಕೈವರೆಗೆ

೫ ನವೆಂಬರ್ ೨೦೨೪, ಮಂಗಳವಾರ

ಮಗಳು ಅಮೃತಾಳ ಬಟ್ಟೆ ಒಗೆದು ಹರಪನಹಳ್ಳಿ ಆಸ್ಪತ್ರೆಯ ಹಿಂದಿನ ತಂತಿಗೆ ಹಾಕಿದೆ. ಗಂಜಿ ಕುಡಿಸಿದೆ. ಮತ್ತೆ ಬಂದು ಗಾಜಿನ ಮುಂದೆ ನಿಂತೆ. ಶನಿವಾರದಿಂದ ಇದೇ ಕೆಲಸ.

ಅವಳಿಗೆ ಎಂಟು ತಿಂಗಳಿಗೇ ಆಪರೇಷನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು. ಒಂದೂವರೆ ಕೆ.ಜಿ. ಕಾನಹೊಸಹಳ್ಳಿಯ ನಮ್ಮ ಅಂಗಡಿಯಲ್ಲಿ ಬೆಲ್ಲದ ಉಂಡೆ ಇದಕ್ಕಿಂತ ತೂಕ ಬರುತ್ತದೆ. ಒಳಗೆ ಬಿಸಿ ದೀಪದ ಕೆಳಗೆ ಮಲಗಿದೆ. ಟೋಪಿಯಲ್ಲಿ ಮುಖ ಕಾಣುವುದಿಲ್ಲ, ಮೂಗಿನ ತುದಿ ಮಾತ್ರ.

ಇನ್ನೂ ಮುಟ್ಟಿಲ್ಲ. ಮುಟ್ಟು ಎಂದು ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ. ಇವರು, ನನ್ನ ಯಜಮಾನರು, ತೀರಿಹೋಗಿ ವರ್ಷದ ಮೇಲಾಯಿತು. ಬಳೆ ತೆಗೆಸಿದ ಕೈಯವಳು ಹಸುಗೂಸನ್ನು ಮೊದಲು ಎತ್ತಿಕೊಳ್ಳಬಾರದು ಎನ್ನುತ್ತಾರೆ ನಮ್ಮ ಕಡೆ. ಯಾರ ಬಾಯಿಂದಲೂ ಹೇಳಿಸಿಕೊಳ್ಳುವುದು ಬೇಡ ಎಂದು ನಾನೇ ಹಿಂದೆ ನಿಲ್ಲುತ್ತೇನೆ.

ಈ ಹಸುಗೂಸುಗಳ ಘಟಕದ ಮುಖ್ಯ ನರ್ಸ್ ಸೈಮಾ. ಇದೇ ಊರಿನ ಹುಡುಗಿ. ದನಿ ಜೋರಿಲ್ಲ. ಆದರೆ ಬಾಗಿಲು ದಾಟುವವರೆಲ್ಲ ಅವಳ ಕಣ್ಣು ದಾಟಬೇಕು. ಚಪ್ಪಲಿ ಹೊರಗೆ. ಆಮೇಲೆ ಸೋಪು — ಅಂಗೈ, ಹಿಂಗೈ, ಬೆರಳ ಸಂದು, ಉಗುರು, ಅಲ್ಲಿಂದ ಮೊಣಕೈವರೆಗೆ. ಇವತ್ತು ಡಾಕ್ಟರ್ ಪ್ರಿಯಾ ಮಾತಾಡುತ್ತ ಒಂದು ಕೂಸಿನಿಂದ ಇನ್ನೊಂದರ ಕಡೆ ಹೊರಟರು. ಸೈಮಾ ಸ್ಯಾನಿಟೈಸರ್ ಬಾಟಲಿ ಮುಂದೆ ಹಿಡಿದಳು. ಸ್ವಲ್ಪ ಹೊತ್ತಿಗೆ ಡಾಕ್ಟರು ಅದನ್ನೇ ಅವಳ ಮುಂದೆ ಹಿಡಿದರು. ಇಬ್ಬರೂ ನಕ್ಕರು. ಒಬ್ಬರ ಕೈ ಇನ್ನೊಬ್ಬರು ಕಾಯುವುದು ಅಲ್ಲಿ ದಿನದ ರೂಢಿ.

ನಮ್ಮ ಇವರನ್ನು ಇಟ್ಟಿದ್ದ ಆಸ್ಪತ್ರೆಯಲ್ಲಿ — ಊರಿನ ಹೆಸರು ಬರೆಯುವುದಿಲ್ಲ — ಒಂದೇ ಗ್ಲೌಸಿನಲ್ಲಿ ಒಂದು ಸಾಲು ಮಂಚದ ಗಾಯ ಕಟ್ಟಿ ಮುಗಿಸುತ್ತಿದ್ದರು. ಬೇಗ ಮಾಡುತ್ತಾರೆ, ಪಾಪ, ಎಂದುಕೊಂಡಿದ್ದೆ.

ಸಂಜೆ

ಬಳೆಯ ತಕರಾರು. ಅಮೃತಾ ಈಗ ನಡೆಯುತ್ತಾಳೆ, ಒಳಗೆ ಬಂದು ಕೂಸನ್ನು ಬರಿ ಎದೆಗೆ ಒರಗಿಸಿಕೊಳ್ಳಬಹುದು ಎಂದರು. ಆದರೆ ಕೈ ತುಂಬ ಕುಬುಸದ ಹಸಿರು ಬಳೆ, ಸೀಮಂತಕ್ಕೆ ತೊಡಿಸಿದ್ದು. ತೆಗೆಯಬೇಕು ಎಂದಳು ಸೈಮಾ. ಬೀಗಿತ್ತಿ ಕೊಟ್ರಮ್ಮ, ಅಮೃತಾಳ ಅತ್ತೆ, ಬಾಗಿಲಿಗೆ ಅಡ್ಡ ನಿಂತರು.

"ನನ್ ಮಗ ಮೆಕ್ಕಿಜೋಳದ ಲೋಡು ತಗಂಡು ರೋಡಿನ್ಯಾಗ ಅದಾನ. ಹೆಂಡ್ತಿ ಕೈ ಬೋಳು ಮಾಡಿ ಕುಂದ್ರಸ್ಲೇನು?"

"ಬಳಿ ಸಂದ್ಯಾಗ ನೀರು ನಿಲ್ತೈತ್ರಿ, ಅಮ್ಮಾ. ಅದರಾಗಿರೋ ಹುಳ ಕಣ್ಣಿಗೆ ಕಾಣಂಗಿಲ್ಲ. ನಮಗ ಏನೂ ಮಾಡಂಗಿಲ್ಲ. ಈ ಕೂಸಿಗೆ ತಡಕಣಾಕ ಆಗಂಗಿಲ್ಲ."

"ನಿನಗೇನು ಗೊತ್ತವ್ವ, ನೀನಿನ್ನೂ ಹುಡುಗಿ."

"ನಂದು ಲಗ್ನಾಗಿ ಮೂರು ತಿಂಗಳಾತ್ರಿ. ದಿನಾ ಮುಂಜಾನಿ ಬಳಿ ತೆಗದು ಡಬ್ಬ್ಯಾಗ ಇಡ್ತೀನಿ, ಮನಿಗೆ ಹೋಗಿ ಹಾಕ್ಕೋತೀನಿ. ನನ್ ಗಂಡ ಅಜೀಮ ಗ್ಯಾರೇಜಿನ್ಯಾಗ ಲಾರಿ ಕೆಳಗ ಮಕ್ಕಂಡು ಕೆಲಸ ಮಾಡ್ತಾನ. ಗಟ್ಟಿ ಅದಾನ್ರಿ. ಅವಂಗ ಹೊಟ್ಟಿನೂ ಬಂದೈತಿ."

ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಕೊಟ್ರಮ್ಮ ನಗಲಿಲ್ಲ. ಮಗನಿಗೆ, ನನ್ನ ಅಳಿಯ ಗುರುಬಸವರಾಜನಿಗೆ, ಫೋನು ಮಾಡಿದರು. ಅವನು "ತೆಗೀರಿ ಅತ್ಲಾಗೆ, ನಾ ಹುಷಾರಾಗಿ ಓಡಸ್ತೀನಿ" ಎಂದನಂತೆ. ಅದಕ್ಕೂ ಸಿಟ್ಟು.

೬ ನವೆಂಬರ್

ಸೈಮಾ ತನ್ನ ಸೋದರತ್ತೆಯನ್ನು ಕರೆಸಿದಳು. ಮೀರಾಬಿ. ಪೇಟೆಯಲ್ಲಿ ಬಳೆ ಅಂಗಡಿ. ಅಮೃತಾಳ ಕೈಗೆ ಪ್ಲಾಸ್ಟಿಕ್ ಕವರು ತೊಡಿಸಿ, ಮೇಲೆ ಎಣ್ಣೆ ಸವರಿ, ಒಂದೊಂದೇ ಜಾರಿಸಿದರು. ಒಂದೂ ಒಡೆಯಲಿಲ್ಲ.

"ಒಡದ್ರ ತಾನೇ ಕೆಟ್ಟದ್ದು? ಇವು ರಜಾ ಮ್ಯಾಲೆ ಹೊಂಟಾವ. ಕೂಸು ಮನಿಗೆ ಬಂದ ದಿನ ನಾನ ಬಂದು ಡ್ಯೂಟಿಗೆ ಹಚ್ತೀನಿ."

ಕೊಟ್ರಮ್ಮ ಬಳೆಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಮೀರಾಬಿ ಹೋದ ಮೇಲೆ ಸೊಸೆಯ ಎರಡೂ ಮಣಿಕಟ್ಟಿಗೆ ಸಡಿಲವಾಗಿ ಅರಿಶಿನದ ದಾರ ಕಟ್ಟಿದರು. ಬಳೆ ಇಲ್ಲದಾಗ ಮುತ್ತೈದೆಗೆ ಹಾಗೆ ಕಟ್ಟುವುದು ನಮ್ಮಲ್ಲಿ ಉಂಟು. "ಕೈ ತೊಳಿಯೋವಾಗ ಮ್ಯಾಲಕ್ಕ ಸರಿಸಿ ರವಿಕಿ ತೋಳಿನ್ಯಾಗ ಮುಚ್ಕ. ಒಳಗ ಹೋದ ಮ್ಯಾಲೆ ಇಳಿಸ್ಕ" ಎಂದು ಹೇಳಿಕೊಟ್ಟರು. ನನಗೂ ಸರಿ ಅನ್ನಿಸಿತು. ಅರಿಶಿನ ತಾನೆ, ಗಾಯಕ್ಕೂ ಹಚ್ಚುತ್ತೇವೆ.

ಗಾಜಿನಿಂದ ನೋಡಿದೆ. ಕೂಸು ಅಮೃತಾಳ ಎದೆಯ ಮೇಲೆ, ಅಂಗೈ ಅಗಲ. ಇವರು ಇರಬೇಕಿತ್ತು...

೯ ನವೆಂಬರ್, ಮಧ್ಯಾಹ್ನ

ಬರೆಯಲು ಆಗಿರಲಿಲ್ಲ. ನಿನ್ನೆಯಿಂದ ಕೂಸು ಹಾಲು ಒಲ್ಲೆ ಎನ್ನುತ್ತಿದೆ. ಮೈ ತಣ್ಣಗೆ. ಬೆಳಿಗ್ಗೆ ಅಳಲೂ ಇಲ್ಲ. ನಂಜು ಇರಬಹುದು ಎಂದರು ಡಾಕ್ಟರ್ ಪ್ರಿಯಾ. ರಕ್ತ ತೆಗೆದು ಕಲ್ಚರಿಗೆ ಕಳಿಸಿದ್ದಾರೆ. ಯಾವ ಹುಳ, ಅದು ಯಾವ ಔಷಧಕ್ಕೆ ಸಾಯುತ್ತದೆ, ಬೆಳೆಸಿ ನೋಡುತ್ತಾರಂತೆ. ಅಲ್ಲಿಯವರೆಗೆ ಕಾಯಲು ಆಗುವುದಿಲ್ಲ, ದೊಡ್ಡ ಇಂಜೆಕ್ಷನ್ ಶುರು ಮಾಡಿದ್ದಾರೆ.

ಕಲ್ಚರ್ ಎಂಬ ಮಾತು ಮೊದಲೂ ಕೇಳಿದ್ದೆ. ಇವರ ಮುರಿದ ತೊಡೆಗೆ ರಾಡು ಹಾಕಿ, ಗಾಯಕ್ಕೆ ಕೀವು ಬಂದಾಗ ಅದೇ ಮಾತು. ಕಾಗದದಲ್ಲಿ ಔಷಧದ ಹೆಸರುಗಳು. ಯಾವುದೂ ನಾಟುವುದಿಲ್ಲ ಎಂದರು. ಅಷ್ಟು ಅಂಗಡಿ, ಅಷ್ಟು ಮಾತ್ರೆ ಇರುವ ಲೋಕದಲ್ಲಿ ಒಂದೂ ಇಲ್ಲವೇ ಎಂದು ಕೇಳಿದ್ದೆ.

ಅಮೃತಾ ಬಿಕ್ಕುತ್ತಿದ್ದಳು. ಸೈಮಾ ಸಮಾಧಾನ ಮಾಡಲು ಕೈ ಹಿಡಿದಳು. ತೋಳಿನಿಂದ ದಾರ ಜಾರಿ ಬಂತು. ಒದ್ದೆ. ಹಳದಿ ಹೋಗಿ ಕಪ್ಪಾಗಿತ್ತು.

ಬೈಯುತ್ತಾಳೆ ಎಂದುಕೊಂಡೆ. ಇಲ್ಲ. ಕತ್ತರಿ ತಂದು, "ತೆಗೀಲೇನವ್ವ?" ಎಂದು ಅಮೃತಾಳನ್ನೇ ಕೇಳಿ ಕತ್ತರಿಸಿದಳು. ಆಮೇಲೆ ಹೊರಗೆ ಬಂದು ಬೆಂಚಿನ ಮೇಲೆ ಕೊಟ್ರಮ್ಮನ ಪಕ್ಕ ಕುಳಿತಳು.

"ಇದರಿಂದನ ಆತು ಅಂತ ನಾನು ಹೇಳಂಗಿಲ್ಲ. ಅದು ಯಾರಿಗೂ ಗೊತ್ತಾಗಂಗಿಲ್ರಿ. ಸೂಜಿಯಿಂದ ಬಂದಿರಬೌದು, ಪೈಪಿನಿಂದ ಬಂದಿರಬೌದು, ನನ್ ಕೈಯಿಂದನ ಬಂದಿರಬೌದು. ಎಲ್ಲಾದನ್ನೂ ನೋಡಾಕತ್ತೀವಿ. ಆದ್ರ ಮುಚ್ಚಿಟ್ಟಿದ್ದಕ್ಕ ಬ್ಯಾಸರಾತು. ಕೇಳಿದ್ರ ಏನರ ದಾರಿ ಹುಡುಕ್ತಿದ್ದೆ."

ಕೊಟ್ರಮ್ಮ ಸೆರಗಿನ ಗಂಟನ್ನು ಹಿಡಿದುಕೊಂಡೇ ಇದ್ದರು. ಒಳಗೆ ಬಳೆ ಸಣ್ಣಗೆ ಸದ್ದು ಮಾಡಿದವು.

"ನನ್ ಕಣ್ಣೂ ತಪ್ಪೈತಿ" ಎಂದಳು ಸೈಮಾ. "ನಾಳಿಂದ ಎಲ್ಲಾರ ತೋಳೂ ನೋಡ್ತೀನಿ. ಡಾಕ್ಟ್ರದ್ದೂ."

ತನ್ನದೂ ತಪ್ಪು ಎಂದು ಬಾಯಿಬಿಟ್ಟು ಹೇಳಿದ ಆಸ್ಪತ್ರೆಯವರನ್ನು ನಾನು ಇದೇ ಮೊದಲು ನೋಡಿದ್ದು.

೧೦ ನವೆಂಬರ್, ಭಾನುವಾರ

ಅಮೃತಾಳಿಗೆ ಜ್ವರ, ಕೆಮ್ಮು. ಒಳಗೆ ಬಿಡುವುದಿಲ್ಲ. ಕೂಸಿನ ಉಸಿರು ಸರಿ ಇದೆ, ಯಾರಾದರೂ ಎದೆಗೆ ಹಾಕಿಕೊಂಡರೆ ಮೈ ಬಿಸಿ ನಿಲ್ಲುತ್ತದೆ, ಮನೆಯವರೇ ಆಗಬೇಕು ಎಂದರು ಡಾಕ್ಟರು.

ಕೊಟ್ರಮ್ಮ ಎದ್ದರು. ಕೈಯಲ್ಲಿ ಗಾಜಿನ ಬಳೆ, ಬೆಳ್ಳಿ ಕಡಗ. ಉಂಗುರವಂತೂ ಬೆರಳಲ್ಲಿ ಹೂತು ಹೋಗಿದೆ, ಬರುವುದಿಲ್ಲ. ತಿರುಗಿಸಿದರು, ಎಂಜಲು ಹಚ್ಚಿ ಎಳೆದರು. ಬರಲಿಲ್ಲ.

ಸೈಮಾ ನನ್ನ ಕಡೆ ನೋಡಿದಳು. "ನೀವ ಬರ್ರಿ."

"ನಂದು... ಬೋಳು ಕೈಯವ್ವ" ಎಂದೆ.

"ಗೊತ್ತೈತ್ರಿ. ಈ ಬಾಗಿಲಿನ್ಯಾಗ ಅಂಥಾ ಕೈಗೇ ದಾರಿ ಇರೋದು."

ಬೀಗಿತ್ತಿಯ ಮುಖ ನೋಡಿದೆ. ಅವರು ಬೇಡ ಎಂದರೆ ನಾನು ಕೂತುಬಿಡುತ್ತಿದ್ದೆ. ಅವರು ಗೋಡೆಯ ಕಡೆ ತಿರುಗಿದರು. ತಿರುಗಿಕೊಂಡೇ, "ಹೋಗ್ರಿ, ತಡ ಮಾಡಬ್ಯಾಡ್ರಿ" ಎಂದರು.

ತೊಳೆದೆ. ಅಂಗೈ, ಹಿಂಗೈ, ಬೆರಳ ಸಂದು, ಉಗುರು. ಮೊಣಕೈವರೆಗೆ. ಇವರು ಹೋದ ಮೇಲೆ ನನ್ನ ಕೈಗಳನ್ನು ಇಷ್ಟು ಹೊತ್ತು ನೋಡಿರಲಿಲ್ಲ. ಬಳೆ ಇದ್ದ ಕಡೆ ಚರ್ಮ ಇನ್ನೂ ಬೆಳ್ಳಗಿದೆ.

ಎದೆಯ ಮೇಲೆ ಇಟ್ಟರು. ತಣ್ಣಗಿತ್ತು. ಭಾರವೇ ಇಲ್ಲ. ಏನೂ ಯೋಚಿಸಬಾರದು, ಬರೀ ಬಿಸಿಯಾಗಿರಬೇಕು ಎಂದುಕೊಂಡೆ. ಬಹಳ ಹೊತ್ತಾದ ಮೇಲೆ ಒಂದು ಕಾಲು ಅಲ್ಲಾಡಿಸಿತು.

೧೩ ನವೆಂಬರ್

ದಿನಾ ಒಳಗೆ ಹೋಗುತ್ತಿದ್ದೇನೆ. ನಿನ್ನೆ ಸಂಜೆ ಅತ್ತಿತು. ಸಣ್ಣ ಸದ್ದು, ಬಾಗಿಲ ಕೀಲಿನ ಹಾಗೆ. ಸೈಮಾ, "ಕೇಳ್ರಿ, ನಿಮ್ಮ ಮೊಮ್ಮಗಳು ಬೈಯಾಕ ಕಲಿತ್ಳು" ಎಂದಳು.

ಇವತ್ತು ಕಲ್ಚರ್ ಬಂತು. ಕಾಗದ ನೋಡಲು ನನ್ನಿಂದ ಆಗಲಿಲ್ಲ. ಡಾಕ್ಟರೇ ಹೇಳಿದರು. ಹುಳ ಇದೆ, ಆದರೆ ಸಾಧು. ಹಳೆಯ ಸಣ್ಣ ಔಷಧಕ್ಕೇ ಸಾಯುತ್ತದೆ. ಇವತ್ತಿನಿಂದ ದೊಡ್ಡ ಇಂಜೆಕ್ಷನ್ ನಿಲ್ಲಿಸಿ ಸಣ್ಣದು.

ಗುರುಬಸವರಾಜ ಲಾರಿ ನಿಲ್ಲಿಸಿ ಬಂದಿದ್ದ. ಹೌಹಾರಿದ. "ಮೇಡಂ, ದೊಡ್ಡದ ಇರ್ಲಿ ಬಿಡ್ರಿ. ಇಲ್ಲಿ ಸ್ಟಾಕ್ ಇಲ್ಲಂದ್ರ ಹೊರಗಿಂದ ತರ್ತೀನಿ."

"ಸ್ಟಾಕ್ ಐತಪ್ಪ. ಲಾರಿ ಓಡಸ್ತಿಯಲ್ಲ, ಸಪಾಟು ರೋಡಿನ್ಯಾಗ ಫಸ್ಟ್ ಗೇರ್ ಹಾಕ್ತಿಯೇನು?"

"ಇಲ್ರಿ."

"ಘಾಟಿ ಬಂದಾಗ ಅದು ಬೇಕು. ಈಗ ಸುಮ್ನ ಕೊಟ್ರ ಹುಳ ಅದನ್ನೂ ಜೀರ್ಣ ಮಾಡಿಕಣಾದು ಕಲಿತಾವ. ಆಮ್ಯಾಲೆ ನಿನ್ ಮಗಳಿಗೆ, ಇಲ್ಲ ಪಕ್ಕದ ಮಂಚದ ಕೂಸಿಗೆ, ಖರೇ ಬೇಕಾದಾಗ ಕೈಯಾಗ ಏನೂ ಇರಂಗಿಲ್ಲ."

ಅವನು ತಲೆ ಆಡಿಸಿದ. ನಾನು ಎದ್ದು ಹೊರಗೆ ಬಂದೆ. ಇವರು ನೆಗಡಿ ಬಂದರೂ ಔಷಧದ ಅಂಗಡಿಯಿಂದ ಇಂಥವೇ ಹುಳ ಕೊಲ್ಲುವ ಮಾತ್ರೆ ತರಿಸುತ್ತಿದ್ದರು, ಎರಡು ನುಂಗಿ ಉಳಿದದ್ದು ಗೂಡಿನಲ್ಲಿಡುತ್ತಿದ್ದರು. ಊರಲ್ಲಿ ಎಲ್ಲರೂ ಹಾಗೇ. ಅವರ ಗಾಯದಲ್ಲಿದ್ದ ಹುಳ ಯಾವ ಮನೆಯ ಮಾತ್ರೆಯಿಂದ ಕಲಿತಿತ್ತೋ, ಯಾರ ಗ್ಲೌಸಿನಲ್ಲಿ ಬಂದಿತ್ತೋ. ಒಂದೂ ಔಷಧ ಇಲ್ಲವೇ ಎಂಬ ನನ್ನ ಪ್ರಶ್ನೆಗೆ ಇವತ್ತು ಉತ್ತರ ಸಿಕ್ಕಿತು. ತಡವಾಗಿ. ಆದರೆ ಕೂಸಿಗೆ ತಡವಾಗಲಿಲ್ಲ. ಯಾರೋ ನಮಗಾಗಿ ಒಂದು ಔಷಧವನ್ನು ಕೆಡಿಸದೆ ಇಟ್ಟಿದ್ದರು.

ನಳದ ಹತ್ತಿರ ನಿಂತು ಅತ್ತೆ. ಚೆನ್ನಾಗಿ ಅತ್ತೆ.

೨೪ ನವೆಂಬರ್, ಭಾನುವಾರ

ಕೂಸಿನ ತೂಕ ಈಗ ಒಂದು ಕೆ.ಜಿ. ಒಂಬೈನೂರು ಗ್ರಾಂ. ಇಂಜೆಕ್ಷನ್ ಮುಗಿಯಿತು. ಅಮೃತಾ ಗುಣವಾಗಿದ್ದಾಳೆ, ಬರಿ ಕೈಯಲ್ಲಿ ಅವಳೇ ಒಳಗೆ ಹೋಗುತ್ತಾಳೆ. ನನ್ನ ಸರದಿ ಸಂಜೆ.

ಬೀಗರ ಊರು ಬಾಗಳಿಯಿಂದ ಟಂಟಂ ಆಟೊ ತುಂಬ ಜನ ಬಂದರು. ಬಾಳೆಹಣ್ಣು, ಬ್ರೆಡ್ಡು. ಕೊಟ್ರಮ್ಮ ಬಾಗಿಲಿಗೆ ಅಡ್ಡ ನಿಂತರು, ಬಳೆಯ ತಕರಾರಿನ ದಿನದ ಹಾಗೆಯೇ ಸೊಂಟದ ಮೇಲೆ ಕೈ ಇಟ್ಟು.

"ಹಣ್ಣು ನನಗ ಕೊಡ್ರಿ. ಮುಖ ಗಾಜಿನ್ಯಾಗ ನೋಡ್ರಿ. ಲೇ ಚೌಡಣ್ಣ, ಮೂಗಿನ್ಯಾಗ ಬೆರಳಿಟ್ಟು ಗಾಜು ಮುಟ್ಟಬ್ಯಾಡ."

"ಅಯ್ಯ, ನಿನಗೇನು ಸರ್ಕಾರಿ ನೌಕ್ರಿ ಆತೇನು?" ಎಂದ ಅವರ ಮೈದುನ ಚೌಡಣ್ಣ.

ಸೈಮಾ ಒಳಗಿನಿಂದ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ನೆನಪಾಗಿ ಹೋಗಿ ಕೈ ತೊಳೆದುಕೊಂಡಳು.

೮ ಡಿಸೆಂಬರ್, ಬಾಗಳಿ

ಕೂಸು ಮನೆಗೆ ಬಂದು ಎರಡು ದಿನ. ಮೀರಾಬಿ ಮಾತು ಉಳಿಸಿಕೊಂಡರು, ಬಂದು ಅವೇ ಹಸಿರು ಬಳೆ ಅಮೃತಾಳಿಗೆ ಇಟ್ಟರು. ನಿನ್ನೆ ಕೊಟ್ರಮ್ಮ ಅಕ್ಕಸಾಲಿಗರ ಹತ್ತಿರ ಹೋಗಿ ಉಂಗುರ ಕತ್ತರಿಸಿಕೊಂಡು ಬಂದಿದ್ದಾರೆ. ಬೆರಳಿಗೆ ಬಿಳಿ ಪಟ್ಟೆ. ನನ್ನ ಕೈಯ ಹಾಗೆ.

ಇವತ್ತು ತೊಟ್ಟಿಲಿಗೆ ಹಾಕುವುದು. ಐದು ಮುತ್ತೈದೆಯರನ್ನು ಕರೆದಿದ್ದರು. ನಾನು ಅಡುಗೆಮನೆಯಲ್ಲಿ ಶಾವಿಗೆ ನೋಡಿಕೊಳ್ಳುತ್ತಿದ್ದೆ. ಕೊಟ್ರಮ್ಮ ಬಂದು ಸೌಟು ಕಸಿದುಕೊಂಡರು.

"ಕೂಸನ್ನ ಮೊದ್ಲು ನೀವ ಹಾಕ್ರಿ."

"ಬೀಗಿತ್ತೀರ, ಜನ ಅದಾರ..."

"ಇರ್ಲಿ. ಅದು ತಣ್ಣಗಾದಾಗ ಈ ಜನ ಎಲ್ಲಿದ್ರು? ಮೊದ್ಲು ಕೈ ತೊಳಕಳ್ರಿ."

ಹಾಕಿದೆ. ಜನ ಏನಾದರೂ ಅಂದರೋ ಏನೋ, ನನಗೆ ಕೇಳಿಸಲಿಲ್ಲ. ಅದು ನನ್ನ ಸೀರೆಯ ಅಂಚು ಹಿಡಿದುಕೊಂಡಿತ್ತು, ಬಿಡಿಸಬೇಕಾಯಿತು. ಇವರಿಗೆ ಹೇಳಬೇಕು ಎನಿಸಿ ಬರೆಯಲು ಕೂತೆ. ಮೂಗು ನಿಮ್ಮದೇ. ಸಿಟ್ಟೂ —

ಕೂಸು ಎದ್ದಿತು. ಅಮೃತಾ ಸ್ನಾನಕ್ಕೆ ಹೋಗಿದ್ದಾಳೆ. ಬೆರಳಿಗೆಲ್ಲ ಮಸಿ. ತೊಳೆದುಕೊಂಡು ಹೋಗಿ ಎತ್ತಿಕೊಳ್ಳಬೇಕು.