ನುವಾಲೆಯ ಒಲೆ ಆರಿಸಬೇಡಿ

ನುವಾಲೆ ದ್ವೀಪ
ಕ್ರಿ.ಶ. ೨೩೧೯, ಕೆಸು ಚಿಗುರುವ ತಿಂಗಳು

ನನ್ನ ಮರಿಮಕ್ಕಳ ಮರಿಮಕ್ಕಳಿಗೆ,

ನನ್ನ ಮಾತು ನಿಮ್ಮ ಕಿವಿಗೆ ಹಳತಾಗಿ, ಒರಟಾಗಿ ಕೇಳಿಸಿದರೆ ಕ್ಷಮಿಸಿ. ನನ್ನ ಅಜ್ಜಿ ಆಡುತ್ತಿದ್ದ ಎಷ್ಟೋ ಮಾತು ನನಗೂ ಅರ್ಥವಾಗುತ್ತಿರಲಿಲ್ಲ, ಸುಮ್ಮನೆ ತಲೆಯಾಡಿಸುತ್ತಿದ್ದೆ. ನೀವು ಹಾಗೆ ಮಾಡಬೇಡಿ, ಮತ್ತೊಮ್ಮೆ ಓದಿ. ನಾನು ತಿಯಾಲಾ, ಪೆಸಿಫಿಕ್ ಸಾಗರದ ಈ ಪುಟ್ಟ ದ್ವೀಪದಲ್ಲಿ ಈಗ ಎಲ್ಲರಿಗಿಂತ ಹಿರಿಯಳು. ನಮ್ಮ ಒಂದು ಪದ್ಧತಿಯನ್ನು ನೀವು ಪೂರ್ತಿ ಪಾಲಿಸುತ್ತಿಲ್ಲವಾದರೆ ಅದಕ್ಕೆ ಕಾರಣ ನಾನು. ಅದನ್ನು ತಿಳಿಸಲೆಂದೇ ಬರೆಯುತ್ತಿದ್ದೇನೆ.

ನಮ್ಮ ಮನೆಗಳು ಕಂಬಗಳ ಮೇಲಿವೆ. ದೊಡ್ಡ ಉಬ್ಬರ ಬಂದಾಗ ಮೀನುಗಳು ಮೆಟ್ಟಿಲವರೆಗೂ ಬರುತ್ತವೆ. ಸೋಮಾರಿಗಳಿಗೆ ಅದೇ ಹಬ್ಬ. ಊರ ನಡುವೆ ಲಾಮು ಇದೆ. ಲಾಮು ಎಂದರೆ ಮರಳನ್ನು ಆಳಕ್ಕೆ ಅಗೆದು, ಸಿಹಿನೀರು ತಾಕುವಲ್ಲಿ ಕೆಸು ನೆಟ್ಟ ಗುಂಡಿ. ಮಗು ಹುಟ್ಟಿದಾಗ ಅದರ ಹೊಕ್ಕುಳಬಳ್ಳಿಯನ್ನು ಅಲ್ಲಿ ಹೂತು, ಮೇಲೊಂದು ಕೆಸು ನೆಡುತ್ತೇವೆ. ಮಗು ಬೆಳೆದ ಮೇಲೆ, ಬದುಕಿರುವಷ್ಟು ಕಾಲವೂ ಆ ಗಿಡಕ್ಕೆ ಒಣ ಎಲೆ ತಂದು ಹಾಕಬೇಕು. ಅದರ ಗಡ್ಡೆಯನ್ನು ಮಾತ್ರ ತಾನು ತಿನ್ನುವಂತಿಲ್ಲ, ಬೇರೆಯವರಿಗೆ ಬಡಿಸಬೇಕು. ಉಪ್ಪುನೀರು ನುಗ್ಗದಂತೆ ಸುತ್ತ ಹವಳದ ಕಲ್ಲಿನ ಕಟ್ಟೆಯಿದೆ. ಬಿರುಗಾಳಿ ಅದನ್ನು ಬೀಳಿಸುತ್ತದೆ, ನಾವು ಬೈದುಕೊಳ್ಳುತ್ತ ಮತ್ತೆ ಕಟ್ಟುತ್ತೇವೆ. ನಮಗೆ ಬೇಕಾದದ್ದು ಹೆಚ್ಚೇನಿಲ್ಲ. ಈ ಸಿಹಿನೀರು, ಸುತ್ತಲಿನ ಸಮುದ್ರ, ನಮ್ಮ ಪಾಡಿಗೆ ನಮ್ಮನ್ನು ಬಿಡುವ ಜನ.

ಯಾರಾದರೂ ಸತ್ತರೆ ಹೊಯಾಲಿ ನಡೆಯುತ್ತದೆ. ಶವವನ್ನು ಮಣ್ಣು ಮಾಡಿ, ಒಲೆಗಳನ್ನೆಲ್ಲ ಆರಿಸಿ, ಕೂಸಿನಿಂದ ಮುದುಕರವರೆಗೆ ಎಲ್ಲರೂ ದೋಣಿ ಹತ್ತಿ ಹವಳದ ದಿಬ್ಬದಾಚೆ ಹೋಗುತ್ತೇವೆ. ದ್ವೀಪಕ್ಕೆ ಬೆನ್ನು ಮಾಡಿ, ಹೊತ್ತು ಮುಳುಗುವವರೆಗೆ ಮಾತಿಲ್ಲದೆ ಕೂರುತ್ತೇವೆ. ಮನೆಯವರ ದನಿ ಕೇಳಿದರೆ, ಒಲೆಯ ಹೊಗೆ ಕಂಡರೆ, ಸತ್ತವರು ಹಿಂದಿರುಗಿ ನೋಡಿ ಹಿರಿಯರ ನಾಡಿನ ದಾರಿ ತಪ್ಪುತ್ತಾರೆ ಎಂದು ನಮ್ಮ ನಂಬಿಕೆ.

ಹೋದ ವರ್ಷ ದೋಣಿ ಕಟ್ಟುವ ಮಾತೌ ತೀರಿಕೊಂಡಾಗಲೂ ಹಾಗೆಯೇ ಹೋದೆವು. ಅದೇ ದಿನ ಸಾಗರ ಮಂಡಳಿಯ ಹಡಗು ದ್ವೀಪದ ಆಚೆ ದಡಕ್ಕೆ ಬಂತು. ಯಾವ ದ್ವೀಪದಲ್ಲಿ ಜನರಿದ್ದಾರೆ ಎಂದು ನೋಡುವುದು ಮಂಡಳಿಯ ಕೆಲಸ. ಜನರಿಲ್ಲದ ದ್ವೀಪದ ಸಮುದ್ರವನ್ನು ತಳ ಅಗೆಯುವ ಹಡಗುಗಳಿಗೆ ಬಿಟ್ಟುಕೊಡುತ್ತಾರೆ. ಬಂದವರಿಗೆ ಕಂಡದ್ದು ತಣ್ಣಗಿನ ಒಲೆಗಳು, ಒಂದಿಷ್ಟು ಕೋಳಿ. ಬೆನ್ನು ಮಾಡಿ ಕೂತ ನಾವು ಒಬ್ಬರೂ ತಿರುಗಿ ನೋಡಲಿಲ್ಲ. ನುವಾಲೆ ನಿರ್ಜನ ಎಂದು ಸಾರಿಯೇಬಿಟ್ಟರು. ನಾವು ಹೋಗಿ ಜಗಳ ತೆಗೆದ ಮೇಲೆ, ಹೇಳದೆ ಕೇಳದೆ ಇನ್ನೊಮ್ಮೆ ಬರುತ್ತೇವೆ, ಆಗಲೂ ಯಾರೂ ಇಲ್ಲದಿದ್ದರೆ ಮುಗಿಯಿತು ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಈಗ ನನಗೆ ನಾಲ್ಕು ಹೆಜ್ಜೆಗೇ ಉಸಿರು ಕಟ್ಟುತ್ತದೆ. ಮುಂದಿನ ಸರದಿ ನನ್ನದೇ. ಊರವರನ್ನು ಕರೆಸಿ, ನಾನು ಸತ್ತ ದಿನ ಯಾರಾದರೂ ಇಲ್ಲೇ ಉಳಿಯಬೇಕು, ಒಂದು ಒಲೆಯಾದರೂ ಉರಿಯಬೇಕು ಎಂದೆ. ನನ್ನ ವಾರಿಗೆಯವರು ಮುಖ ಗಂಟಿಕ್ಕಿದರು. ಮೊಮ್ಮಗಳು ಸೆಲೆಮಾ ಅಳುತ್ತಲೇ ಕೇಳಿದಳು, "ಅಜ್ಜಿ, ನಿನ್ನ ದಾರಿ ತಪ್ಪಿಸಿ ನಾವು ಊರು ಉಳಿಸ್ಕೋಬೇಕಾ?"

"ದಾರಿ ತಪ್ಪಿದ್ರೆ ಎಲ್ಲಿಗೆ ಬರ್ತೀನೇ? ಮನೆಗೇ ತಾನೆ?" ಎಂದೆ.

ಭಯವಿಲ್ಲ ಎಂದರೆ ಸುಳ್ಳಾದೀತು. ಹಿರಿಯರ ನಾಡಿನಲ್ಲಿ ನನ್ನ ಗಂಡ ಇದ್ದಾನೆ, ಅಮ್ಮ ಇದ್ದಾಳೆ. ಅವರನ್ನು ನೋಡುವ ಆಸೆ ಬಹಳ ಇದೆ. ಆದರೆ ಅವರ ಹೊಕ್ಕುಳಬಳ್ಳಿಯೂ ಈ ಲಾಮುವಿನಲ್ಲೇ ಇದೆ, ಅದನ್ನು ಯಾರಿಗೋ ಬಿಟ್ಟು ಹೋಗಿ ಅವರಿಗೆ ಮುಖ ತೋರಿಸುವುದು ಹೇಗೆ? ನಾನು ಪಟ್ಟು ಬಿಡಲಿಲ್ಲ. ಕೊನೆಗೆ ಸೆಲೆಮಾ ಕಣ್ಣೊರೆಸಿಕೊಂಡು, ಉಳಿಯುವವಳು ತಾನೇ ಎಂದಳು.

ಮಕ್ಕಳೇ, ನೀವೂ ಉಳಿಯಿರಿ. ಈ ಮಂಡಳಿ ಹೋದರೆ ಇನ್ನೊಂದು ಬರುತ್ತದೆ. ಸಾವಾದಾಗ ದೋಣಿ ಹತ್ತುವವರು ಹತ್ತಲಿ, ಒಬ್ಬರು ಮಾತ್ರ ಲಾಮುವಿನ ಹತ್ತಿರ ಇರಲಿ. ಸತ್ತವರು ದಾರಿ ತಪ್ಪುತ್ತಾರೆಂಬ ಹೆದರಿಕೆ ಬೇಡ. ಅವರು ಹಿಂದಿರುಗಿ ನೋಡಿದರೆ ನಾನಿರುತ್ತೇನೆ, ಕೈಹಿಡಿದು ದಿಬ್ಬ ದಾಟಿಸಿ ವಾಪಸು ಬರುತ್ತೇನೆ. ಆ ದಿನ ಒಲೆಗೆ ಹಸಿ ತೆಂಗಿನ ಸಿಪ್ಪೆ ಹಾಕಿ, ಹೊಗೆ ಚೆನ್ನಾಗಿ ಏಳಲಿ. ನನ್ನನ್ನು ಗಟ್ಟಿಯಾಗಿ ಕೂಗಿ. ನನಗೆ ಕಿವಿ ಸ್ವಲ್ಪ ಮಂದ.

ನಿಮ್ಮ ಅಜ್ಜಿ,
ತಿಯಾಲಾ